ಆರನೇ ಅಧ್ಯಾಯದ ದರ್ಜಿ

ಅಕ್ಕನ ಮನೆ
ಗುರುವಾರ, ಮಾರ್ಚ್ ೧೨
ಬೆಳಿಗ್ಗೆ ಹತ್ತೂವರೆ

ರೀ,

ಹೀಗೆ ಕರೆದರೆ ನೀವು ತಿರುಗಿ ನೋಡುವುದು ಮೂರನೇ ಸಲಕ್ಕೆ. ಆದ್ದರಿಂದ ಮೇಲಿನ ಪದವನ್ನು ಮೂರು ಸಲ ಓದಿಕೊಂಡು ಮುಂದೆ ಬನ್ನಿ.

ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಕೆಲಸ ಉಳಿದಿಲ್ಲ. ಮಂಗಳವಾರ ಬಂದ ನಿಮ್ಮ ಕಾಗದದಲ್ಲಿ ಪ್ರೆಸ್ಸಿನವರ ಅವಸರ, ಪಕ್ಕದ ಮನೆಯ ನಾಯಿಯ ಬೊಗಳಾಟ, ಗೀಸರ್ ಕೆಟ್ಟು ತಣ್ಣೀರು ಸ್ನಾನ ಮಾಡುತ್ತಿರುವುದು, ಎಲ್ಲ ಮೂರು ಪುಟ ವಿವರವಾಗಿ ಬಂದಿದೆ. ಗೀಸರ್ ಕೆಟ್ಟಿಲ್ಲ. ಅದರ ಸ್ವಿಚ್ಚು ಬಚ್ಚಲಿನ ಹೊರಗೆ, ಟವೆಲ್ ನೇತುಹಾಕುವ ಮೊಳೆಯ ಕೆಳಗೆ ಇದೆ. ಹನ್ನೆರಡು ವರ್ಷದಿಂದ ಅಲ್ಲೇ ಇದೆ.

ಆ ಮೂರು ಪುಟದಲ್ಲಿ ನಾನು ಯಾಕೆ ಹೊರಟುಬಂದೆ ಎಂಬ ಪ್ರಶ್ನೆ ಎಲ್ಲಾದರೂ ಇದೆಯಾ ಎಂದು ಹುಡುಕಿದೆ. ಇಲ್ಲ. ಹನ್ನೊಂದು ದಿನದ ಹಿಂದೆ ಹೆಂಡತಿ ಅಂಗಡಿಗೆ ಬೀಗ ಹಾಕಿ, ಚೀಲ ಹಿಡಿದು ಬಸ್ಸು ಹತ್ತಿದ್ದಾಳೆ. ನೀವು 'ವಿಶ್ರಾಂತಿ ಚೆನ್ನಾಗಿ ಆಯಿತೆ' ಎಂದು ಒಂದು ಸಾಲು ಬರೆದು, ಅದರ ಕೆಳಗೇ 'ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶನಿವಾರದೊಳಗೆ ಮುಟ್ಟುವಂತೆ ಕಳಿಸು, ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ' ಎಂದಿದ್ದೀರಿ. ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ಇಡೀ ಕಾಗದ ಓದಿದಳು. ಓದಿ, "ಇವರಿಗೆ ಮನಸ್ಸಿನ ಬಗ್ಗೆ ಪಾಠ ಮಾಡೋಕೆ ಸಂಬಳ ಬೇರೆ ಕೊಡ್ತಾರೇನೇ?" ಎಂದು ಕೇಳಿದಳು.

ಒಪ್ಪಿಗೆ ಪತ್ರ ನನ್ನ ಮುಂದೆಯೇ ಇದೆ. 'ಈ ಪುಸ್ತಕದ ಆರನೇ ಅಧ್ಯಾಯದಲ್ಲಿ ದರ್ಜಿ ಎಂದು ಕರೆದಿರುವ ವ್ಯಕ್ತಿ ನಾನೇ. ಅದಕ್ಕೆ ಆಧಾರವಾದ ಟಿಪ್ಪಣಿಗಳನ್ನು ನಾನು ಪ್ರಾಮಾಣಿಕವಾಗಿ ದಾಖಲಿಸಿದ್ದೇನೆ.' ಮೊದಲ ವಾಕ್ಯಕ್ಕೆ ಬೇಕಾದರೆ ಎರಡೂ ಕೈಯಲ್ಲಿ ಸಹಿ ಹಾಕುತ್ತೇನೆ. ಎರಡನೆಯದಕ್ಕೆ ಹಾಕಲಾರೆ. ಯಾಕೆಂದರೆ ಆ ನೂರ ಐವತ್ತಾರು ಟಿಪ್ಪಣಿಗಳಲ್ಲಿ ಬಹುಪಾಲು ಸುಳ್ಳು.

ಈಗ ಕನ್ನಡಕ ತೆಗೆದು ಒರೆಸಿಕೊಂಡಿರಿ ತಾನೆ? ಒರೆಸಿಕೊಳ್ಳಿ. ಸಾವಕಾಶವಾಗಿ ಹೇಳುತ್ತೇನೆ.

ಆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯನ್ನು ನೀವು ನನ್ನ ಏಪ್ರನ್ ಜೇಬಿಗೆ ಹಾಕಿದ ದಿನ ನೆನಪಿದೆ. ದಿನಕ್ಕೆ ಆರು ಸಲ, ಯಾವಾಗ ಎಂದು ಗೊತ್ತಾಗದ ಹಾಗೆ ಗಂಟೆ ಹೊಡೆಯುತ್ತದೆ. ಹೊಡೆದ ಕೂಡಲೇ, ಗಂಟೆಗೆ ಒಂದು ಕ್ಷಣ ಮುಂಚೆ ಮನಸ್ಸಿನಲ್ಲಿ ಏನಿತ್ತೋ ಅದನ್ನು ನೀಲಿ ಪುಸ್ತಕದಲ್ಲಿ ಬರೆಯಬೇಕು. ವಿವರಣೆ ಬೇಡ, ಅಲಂಕಾರ ಬೇಡ, ಇದ್ದದ್ದು ಇದ್ದ ಹಾಗೆ. ಇಪ್ಪತ್ತಾರು ದಿನ. ಮನುಷ್ಯನ ಪ್ರಜ್ಞೆಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಬಲೆ ಇಲ್ಲ ಎಂದಿರಿ. ನಿಮ್ಮ ಮಿಕ್ಕ ಬಲೆಗಳ ಗತಿಯೂ ನನಗೆ ಗೊತ್ತಿತ್ತು. ಕ್ಷೌರದ ಅಂಗಡಿಯವರು ಪೆಟ್ಟಿಗೆಯನ್ನು ಬಿಸಿನೀರಿಗೆ ಬೀಳಿಸಿದರು. ಬಸ್ ಡ್ರೈವರ್ ಎರಡನೇ ದಿನವೇ, "ಸಾರ್, ಇದು ಹೊಡ್ಕೊಂಡಾಗೆಲ್ಲ ಬ್ರೇಕ್ ಮೇಲೆ ಕಾಲು ಹೋಗುತ್ತೆ" ಎಂದು ವಾಪಸು ಕೊಟ್ಟರು. ಕೊನೆಗೆ ಉಳಿದವಳು ಮನೆಯಲ್ಲೇ ಸಿಗುವ ಟೈಲರಮ್ಮ. ಹೆಂಡತಿಯಾದ್ದರಿಂದ ಬೇಡ ಅನ್ನುವ ಹಾಗಿಲ್ಲ, ಓಡಿಹೋಗುವ ಹಾಗೂ ಇಲ್ಲ.

ನಾನು ಬರೆದೆ. 'ಕಾಲರಿನ ಒಳಪಟ್ಟಿ.' 'ಬಿಳಿ ದಾರ ಮುಗಿಯುತ್ತಾ ಬಂತು.' 'ಇಸ್ತ್ರಿ ಜಾಸ್ತಿ ಕಾದಿದೆ.' 'ಕಾಜಾ.' 'ತೋಳು ಒಂದಿಂಚು ಉದ್ದ.' ಹೀಗೆ ನೂರ ಐವತ್ತಾರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರನ್ನು ಕಂಡಿದ್ದೆ. ಕರುವಿಗೆ ಹೆಸರಿಟ್ಟು, ಅದರ ಮೇಲೆ ನಲವತ್ತು ಪುಟದ ಅಧ್ಯಾಯ ಬರೆಯುವವರನ್ನು ಕಂಡಿದ್ದು ನಿಮ್ಮಲ್ಲೇ.

ಅಧ್ಯಾಯದಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ನಿಮ್ಮ ಕಾಲೇಜಿನ ಸಭಾಂಗಣದಲ್ಲಿ, ಎರಡನೇ ಸಾಲಿನಲ್ಲಿ ಕುಳಿತು. ನೀವು ವೇದಿಕೆಯಲ್ಲಿ ನಿಂತು ಹೇಳಿದಿರಿ: ನಮ್ಮ ನಿಮ್ಮಂಥವರ ತಲೆಯಲ್ಲಿ ಎಡೆಬಿಡದೆ ಸ್ವಗತ ನಡೆಯುತ್ತದೆ, ನಾನು, ನನ್ನದು, ನನಗೆ ಎಂದು. ಆ ಸ್ವಗತವೇ ಪ್ರಜ್ಞೆಯ ಬೆನ್ನೆಲುಬು ಎಂದು ತತ್ತ್ವಶಾಸ್ತ್ರ ನಂಬಿಕೊಂಡು ಬಂದಿದೆ. ಆದರೆ ಇಲ್ಲೊಬ್ಬ ದರ್ಜಿ ಇದ್ದಾಳೆ, ಅವಳ ಮನಸ್ಸು ಕೈಯಲ್ಲೇ ಇದೆ, ಒಳಗೆ ಮಾತಿಲ್ಲ, ಅರಿವಿದೆ ಆದರೆ ಅರಿಯುವವಳಿಲ್ಲ. ಅವಳು ಅಲೆಯಿಲ್ಲದ ಕೊಳ. ಹೀಗೆಂದು ನೀವು ಕಣ್ಣು ಮುಚ್ಚಿಕೊಂಡಿರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಕರ್ಚೀಪಿನಲ್ಲಿ ಕಣ್ಣೊತ್ತಿಕೊಂಡು, "ಪುಣ್ಯವಂತೆ, ನಮಗೆಲ್ಲಿ ಬರಬೇಕು ಆ ಶಾಂತಿ" ಎಂದರು. ಆ ಕ್ಷಣದಲ್ಲಿ ನನ್ನೊಳಗೆ ಹರಿದ ಮಾತುಗಳನ್ನು ಗಂಟೆ ಹೊಡೆದು ಬರೆಸಿದ್ದರೆ ನಿಮ್ಮ ಪುಸ್ತಕವನ್ನು ಯಾವ ಪ್ರೆಸ್ಸಿನವರೂ ಮುಟ್ಟುತ್ತಿರಲಿಲ್ಲ.

ಮನೆಗೆ ಬಂದು, ಹೇಗಿತ್ತು ಎಂದು ಕೇಳಿದಿರಿ. ಚೆನ್ನಾಗಿತ್ತು ಎಂದೆ. ನೋಡಿದೆಯಾ, ಒಂದೇ ಪದ, ಅದಕ್ಕಿಂತ ಹೆಚ್ಚು ನಿನಗೆ ಬೇಕಾಗುವುದೇ ಇಲ್ಲ ಎಂದು ಸಂತೋಷಪಟ್ಟಿರಿ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಗೋಡೆಯ ಆ ಕಡೆ ನಾಯಿ ಮಲಗಿತ್ತು, ಎದ್ದರೆ ಮತ್ತೆ ಬೊಗಳುತ್ತದೆ ಎಂದು ಸುಮ್ಮನಾದೆ.

ಮರುದಿನ ನಿಮ್ಮ ಕಾದಂಬರಿಕಾರ ಗೆಳೆಯರು ಅಂಗಡಿಗೆ ಬಂದರು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಬೇಕಂತೆ. ಅದು ನೆಪ, ನನ್ನನ್ನು ನೋಡಲು ಬಂದಿದ್ದರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರೆ, ಅವರು ಮೇಲಿಂದ, "ನಲವತ್ತು ವರ್ಷ ಪಾತ್ರಗಳ ತಲೆಯೊಳಗೆ ಮಾತು ತುಂಬಿಸ್ತಾ ಬಂದೆ ತಾಯಿ. ನಿಮ್ಮಂಥವರನ್ನ ಬರೆಯೋಕೆ ನನಗೆ ಬರಲ್ಲ. ಒಳಗೆ ಎಷ್ಟು ನಿಶ್ಶಬ್ದ ಇರಬೇಕು, ಅಲ್ವಾ?" ಎಂದರು. ಬಾಯಲ್ಲಿ ಆರು ಪಿನ್ನು ಇಟ್ಟುಕೊಂಡವಳು ಮಾತಾಡುವುದಿಲ್ಲ, ನಿಜ. ಅಷ್ಟಕ್ಕೇ ಒಳಗೂ ಮಾತಿಲ್ಲ ಎಂದು ದೊಡ್ಡ ದೊಡ್ಡವರೆಲ್ಲ ಸೇರಿ ತೀರ್ಮಾನಿಸಿಬಿಡುವುದೆ? ಅವರು ಹೋದ ಮೇಲೆ ಕತ್ತರಿ ಹಾಕಿದೆ. ಎಡಗಾಲು ಗುರುತಿಗಿಂತ ಎರಡಿಂಚು ಮೇಲೆ ಹೋಗಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಕೆಡಿಸಿದ ಮೊದಲ ಬಟ್ಟೆ ಅದು. ಕತ್ತರಿ ಕೆಳಗಿಟ್ಟು, ಶಟರ್ ಎಳೆದು, ಮನೆಗೆ ಬಂದು ಚೀಲ ತುಂಬಿಕೊಂಡೆ. ನೀವು ಒಳಕೋಣೆಯಲ್ಲಿ ಅಡಿಟಿಪ್ಪಣಿ ತಿದ್ದುತ್ತಿದ್ದಿರಿ. ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದೆ. ಹ್ಞೂಂ ಎಂದಿರಿ. ಅವರ ಪ್ಯಾಂಟಿಗೆ ಬಟ್ಟೆ ಜೋಡಿಸಿ ಸರಿಮಾಡಿಕೊಡುತ್ತೇನೆಂದು ನೀವೇ ಅವರಿಗೆ ತಿಳಿಸಿ.

ಇನ್ನು ನಿಜ. ನೂರ ಐವತ್ತಾರನ್ನೂ ನೆನಪಿಸಿಕೊಳ್ಳಲಾರೆ. ಕೆಲವು ನೆನಪಿವೆ.

'ಕಾಲರಿನ ಒಳಪಟ್ಟಿ' ಎಂದು ಬರೆದಾಗ ಕಾಲರ್ ಮೇಜಿನ ಮೇಲಿತ್ತು, ಮನಸ್ಸಿನಲ್ಲಿ ಇರಲಿಲ್ಲ. ಮನಸ್ಸಿನಲ್ಲಿ ನಾನು ನಿಮಗೆ ಹೇಳುತ್ತಿದ್ದೆ: ನಿಮ್ಮ ವಿಭಾಗದವರ ಊಟದ ದಿನ ಎಲ್ಲರ ಹೆಂಡತಿಯರನ್ನೂ ಅವರವರ ಕೆಲಸ ಹೇಳಿ ಪರಿಚಯಿಸಿದರು, ನನ್ನ ಸರದಿ ಬಂದಾಗ ನೀವು, 'ಇವಳೂ ಏನೋ ಹೊಲೀತಾ ಇರ್ತಾಳೆ' ಎಂದಿರಿ. ಏನೋ ಅಂದರೆ ಏನು? ನೀವು ಅಂದು ಹಾಕಿಕೊಂಡಿದ್ದ ಕೋಟು ಏನೋ ಆಗಿತ್ತೆ? ಅದನ್ನು ನೀಲಿ ಪುಸ್ತಕದ ಹೊತ್ತಿಗೆ ನೂರನೇ ಸಲ ಹೇಳುತ್ತಿದ್ದೆ, ಮತ್ತು ಆ ಸಲ ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಮೆಚ್ಚುಗೆಯಾಗಿತ್ತು.

'ಬಿಳಿ ದಾರ ಮುಗಿಯುತ್ತಾ ಬಂತು' ಎಂಬುದರ ಹಿಂದೆ, ನಾನು ಮೊದಲು ಸತ್ತರೆ ನಿಮ್ಮ ಗತಿ ಏನು ಎಂಬ ಯೋಚನೆ ಇತ್ತು. ಅದು ಮರುಕದಲ್ಲಿ ಶುರುವಾಗಿ, ನೀವು ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿ, ಆಮೇಲೆ ಸತ್ತ ಮೇಲೂ ಇವರ ಚಿಂತೆ ನಾನೇ ಮಾಡಬೇಕಾ ಎಂದು ಮೈಯೆಲ್ಲ ಉರಿದು, ಜೋರಾಗಿ ಪೆಡಲ್ ಒತ್ತಿದ್ದರಿಂದ ಸೂಜಿ ಮುರಿಯಿತು. ಪುಸ್ತಕದಲ್ಲಿ ಉಳಿದದ್ದು ದಾರ.

'ಇಸ್ತ್ರಿ ಜಾಸ್ತಿ ಕಾದಿದೆ.' ಆಗ ಒಂದು ಪೂರ್ತಿ ನ್ಯಾಯಾಲಯ ನಡೆಯುತ್ತಿತ್ತು. ನ್ಯಾಯಾಧೀಶರ ಕುರ್ಚಿಯಲ್ಲಿ ನಿಮ್ಮ ಅಮ್ಮ. ತೀರ್ಪು ನನ್ನ ಪರವಾಗಿ ಬಂತು. ಅತ್ತೆಯವರು ಬದುಕಿದ್ದಾಗ ಅಂಥದ್ದು ಒಂದು ಸಲವೂ ಆಗಿರಲಿಲ್ಲ, ಹಾಗಾಗಿ ನಾನೇ ಬೆಚ್ಚಿದೆ.

ಎಲ್ಲವೂ ಜಗಳವಲ್ಲ. ಒಂದು ದಿನ ಮದುವಣಿಗನೊಬ್ಬ ಕೋಟಿನ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದು ಉಸಿರು ಬಿಗಿಹಿಡಿದ. "ಅಪ್ಪಾ, ಅವತ್ತು ಇಡೀ ದಿನ ಉಸಿರಾಡಬೇಕಲ್ಲ, ಈಗಲೇ ಬಿಟ್ಟುಬಿಡು" ಎಂದೆ. ಅವನಿಗಿಂತ ಮುಂಚೆ ಅವನ ತಂಗಿ ನಕ್ಕಳು. ಮಧ್ಯಾಹ್ನವೆಲ್ಲ ಅದನ್ನು ನಿಮಗೆ ಹೇಳುತ್ತಿದ್ದೆ. ತಲೆಯೊಳಗಿನ ನೀವು ಪುಸ್ತಕ ಮುಚ್ಚಿ, ಕುರ್ಚಿ ತಿರುಗಿಸಿ, ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಸಂಜೆ ಮನೆಗೆ ಬಂದಾಗ ಹೊರಗಿನ ನಿಮ್ಮ ಮುಖ ನೋಡಿ, ಬೇಡ ಎಂದು ಬಿಟ್ಟೆ. ಅಂದು ನಾಲ್ಕನೇ ಸಲ ಗಂಟೆ ಹೊಡೆದಾಗ ಬರೆದದ್ದು 'ಕೋಟಿನ ಅಸ್ತರು'.

ಅರ್ಥವಾಯಿತೇನ್ರೀ? ನನ್ನೊಳಗೆ ಮಾತಿಲ್ಲ ಎಂದಿರಲ್ಲ, ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಸಂಜೆ ಎಳೆಯುವವರೆಗೆ ಅಲ್ಲಿ ಮಾತು ಬಿಟ್ಟರೆ ಬೇರೇನೂ ಇಲ್ಲ. ಅದೂ ಸ್ವಗತವಲ್ಲ. ಸ್ವಗತಕ್ಕೆ ಒಬ್ಬರು ಸಾಕು, ನನ್ನಲ್ಲಿ ಯಾವಾಗಲೂ ಇಬ್ಬರು. ಆಡುವವಳು ನಾನು, ಕೇಳುವವರು ನೀವು. ಇಪ್ಪತ್ತನಾಲ್ಕು ವರ್ಷದಿಂದ ನನಗೆ ಇಬ್ಬರು ಗಂಡಂದಿರು. ಒಬ್ಬರಿಗೆ ಊಟ ಬಡಿಸುತ್ತೇನೆ, ಇನ್ನೊಬ್ಬರ ಜೊತೆ ಬಾಳುತ್ತೇನೆ. ಎರಡನೆಯವರು ತುಂಬ ಒಳ್ಳೆಯವರು. ನನ್ನ ಮಾತಿನ ಮಧ್ಯೆ ಕನ್ನಡಕ ಹುಡುಕುವುದಿಲ್ಲ.

ನ್ಯಾಯವಾಗಿ ಹೇಳಬೇಕು, ನಿಮ್ಮ ಅಧ್ಯಾಯ ಪೂರ್ತಿ ಕಸವಲ್ಲ. ಆ ನೂರ ಐವತ್ತಾರರಲ್ಲಿ ಎಂಟೋ ಒಂಬತ್ತೋ ಸಲ ನಿಜವಾಗಿಯೂ ಬರೇ ಸೂಜಿಯ ಕಣ್ಣಿತ್ತು, ದಾರದ ತುದಿಯಿತ್ತು, ಉಸಿರು ನಿಂತಿತ್ತು. ಆಗ ನಾನೂ ಇಲ್ಲ, ನೀವೂ ಇಲ್ಲ. ಅದು ಬಹಳ ಹಿತವಾಗಿರುತ್ತದೆ. ದಾರ ಒಳಗೆ ಹೋದ ಕೂಡಲೇ ನೀವು ಮತ್ತೆ ಬಂದು ಕೂರುತ್ತೀರಿ. ಇನ್ನು ಕೆಲವು ಸಲ ಗಂಟೆ ಹೊಡೆದ ಮೇಲೆ ಒಳಗೆ ನೋಡಿದರೆ, ಇದ್ದದ್ದು ಏನೆಂದು ನನಗೇ ತಿಳಿಯಲಿಲ್ಲ. ಒಂದು ಬೇಸರ ಇತ್ತು, ಯಾವುದರ ಬೇಸರ ಎಂದು ಕೇಳುವಷ್ಟರಲ್ಲಿ ಅದು ಬೇರೆಯದೇ ಆಗಿ, ಪೆನ್ಸಿಲ್ ಹಿಡಿಯುವಷ್ಟರಲ್ಲಿ ಹೋಗೇಬಿಟ್ಟಿತು. ಇದನ್ನು ನಿಮಗೆ ಹೇಳಿದ್ದರೆ ನೀವು ಕುಣಿದಾಡುತ್ತಿದ್ದಿರಿ ಎಂದು ಗೊತ್ತು. ಮನಸ್ಸನ್ನು ನೋಡಹೊರಟರೆ ನೋಟವೇ ಅದನ್ನು ಕದಡುತ್ತದೆ ಎಂಬುದು ನಿಮ್ಮ ಮೂರನೇ ಅಧ್ಯಾಯ ತಾನೆ. ಅದು ಸರಿಯಾಗಿದೆ. ಮೂರನೇ ಅಧ್ಯಾಯ ಇಟ್ಟುಕೊಳ್ಳಿ.

ಒಂದನೇ ಅಧ್ಯಾಯದ ಮೊದಲ ಸಾಲಿನ ಬಗ್ಗೆ ಮಾತ್ರ ತಕರಾರಿದೆ. ಒಬ್ಬರ ಮನಸ್ಸಿನೊಳಗೆ ಇನ್ನೊಬ್ಬರು ಇಣುಕಿ ನೋಡಲು ಎಂದೂ ಸಾಧ್ಯವಿಲ್ಲ ಎಂದು ಬರೆದಿದ್ದೀರಿ. ಇಣುಕಲು ಹೇಳಿದವರಾರು? ಬಾಗಿಲು ತಟ್ಟಬಹುದಿತ್ತಲ್ಲ. ಏನು ಯೋಚನೆ ಮಾಡುತ್ತಿದ್ದೀಯ ಎಂದು ಬಾಯಿಬಿಟ್ಟು ನೀವು ಒಂದು ದಿನವೂ ಕೇಳಲಿಲ್ಲ, ಪೆಟ್ಟಿಗೆಯ ಕೈಯಲ್ಲಿ ಕೇಳಿಸಿದಿರಿ. ಪೆಟ್ಟಿಗೆಗೆ ಎಂಥ ಉತ್ತರ ಕೊಡಬೇಕೋ ಅಂಥದ್ದನ್ನು ಕೊಟ್ಟೆ. ದೀಪದ ಬುಡದಲ್ಲಿ ಕತ್ತಲು ಅನ್ನುವ ಮಾತು ಕೇಳಿದ್ದೆ. ಆ ಕತ್ತಲಿಗೆ ಅಲೆಯಿಲ್ಲದ ಕೊಳ ಎಂದು ಹೆಸರಿಡುತ್ತಾರೆಂದು ಗೊತ್ತಿರಲಿಲ್ಲ.

ಯಾಕೆ ಸುಳ್ಳು ಬರೆದೆ ಎಂದು ಕೇಳುತ್ತೀರಿ. ನಿಮ್ಮ ವಿಭಾಗದ ನಾಲ್ಕು ಜನ ಓದುತ್ತಾರೆ ಎಂಬ ನಾಚಿಕೆ ಇತ್ತು. ಗಿರಾಕಿಗಳನ್ನು ನಿಲ್ಲಿಸಿಕೊಂಡು ಅರ್ಧ ಪುಟ ಬರೆಯಲು ಪುರುಸೊತ್ತು ಇರಲಿಲ್ಲ. ಇವೆರಡೂ ಹೇಳಿಕೊಳ್ಳಲು ಚೆನ್ನಾಗಿವೆ, ಎರಡೂ ನೆಪ. ನಿಜವಾದ ಕಾರಣ ಬೇರೆ ಇದೆ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ನಿಮಗೆ ಬೇಕಿದ್ದರೆ ಬಸ್ಸು ಹತ್ತಿ ಬಂದು, ನನ್ನ ಎದುರು ಕುಳಿತು, ನಿಮ್ಮದೇ ಬಾಯಿಂದ ಕೇಳಿ.

ಆರನೇ ಅಧ್ಯಾಯ ನಿಮಗೆ ಏನೆಂದು ನನಗೆ ಗೊತ್ತಿಲ್ಲವೆಂದಲ್ಲ. ಜೂನ್‌ನಲ್ಲಿ ನಿವೃತ್ತಿ. ಹತ್ತು ವರ್ಷದ ದುಡಿಮೆ, ಇರುವುದೊಂದೇ ಪುಸ್ತಕ. ಮೊದಲ ಐದು ಅಧ್ಯಾಯ ಇದಕ್ಕೆ ಏರಿಬರುವ ಮೆಟ್ಟಿಲು, ಕೊನೆಯ ಎರಡು ಇಳಿಯುವ ಮೆಟ್ಟಿಲು. ಇದನ್ನು ತೆಗೆದರೆ ಜನ ಹತ್ತಿ ಬಂದು ಗಾಳಿಯಲ್ಲಿ ಕಾಲಿಡಬೇಕು. ಮಂಗಳವಾರದಿಂದ ಇದನ್ನೇ ಯೋಚಿಸಿದ್ದೇನೆ. ಸಹಿ ಹಾಕಿಬಿಡೋಣ, ಇಷ್ಟು ವರ್ಷ ಸುಮ್ಮನಿದ್ದವಳು ಇನ್ನೂ ಸುಮ್ಮನಿದ್ದರೆ ಏನು ಕಳೆದುಕೊಳ್ಳುತ್ತೇನೆ ಎಂದು ನಿನ್ನೆ ಪೆನ್ನು ಕೂಡ ಹಿಡಿದೆ. ಅಕ್ಕ ನೋಡಿದಳು. "ಹಾಕು, ಹಾಕು. ನೀನು ಸತ್ತ ಮೇಲೂ ಅಚ್ಚಿನಲ್ಲಿ ಬಾಯಿ ಮುಚ್ಚಿಕೊಂಡೇ ಇರ್ತೀಯ" ಎಂದಳು. ಪೆನ್ನು ಕೆಳಗಿಟ್ಟೆ.

ಸಹಿ ಹಾಕದ ಒಪ್ಪಿಗೆ ಪತ್ರವನ್ನು ಇದರೊಂದಿಗೆ ವಾಪಸು ಕಳಿಸುತ್ತಿದ್ದೇನೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗಬಾರದು. ಪ್ರೆಸ್ಸಿನವರಿಗೆ ಏನಾದರೂ ಹೇಳಿ. ದರ್ಜಿ ಸುಳ್ಳುಗಾತಿ ಎಂದೇ ಹೇಳಿ, ಬೇಜಾರಿಲ್ಲ. ನಿಮಗೆ ಸಿಟ್ಟು ಬಂದಿರುತ್ತದೆ. ಬರಲಿ. ನನಗೂ ಬಂದಿದೆ, ನಿಮಗಿಂತ ಮುಂಚೆ ಬಂದಿದೆ. ನಾನು ವಾಪಸು ಬರುವುದು ಬಿಡುವುದು ನೀವು ಈ ಊರಿನ ಬಸ್ಸು ಹತ್ತುತ್ತೀರೋ ಇಲ್ಲವೋ ಎಂಬುದರ ಮೇಲಿದೆ. ಬೆಳಿಗ್ಗೆ ಏಳಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು. ಎರಡರದ್ದರಲ್ಲಿ ಜನ ಕಡಿಮೆ. ಕಿಟಕಿ ಪಕ್ಕ ಕೂತರೆ ನಿಮಗೆ ಕತ್ತು ಹಿಡಿಯುತ್ತದೆ, ಮಫ್ಲರು ತೆಗೆದುಕೊಳ್ಳಿ.

ಇಂತಿ,
ನಿಮ್ಮ ಅಲೆಯಿಲ್ಲದ ಕೊಳ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿದ್ದೇನೆ. ನೀವು ಬಂದು ಕೇಳುವವರೆಗೆ ಕಾರಣ ಹೇಳುವುದಿಲ್ಲ ಎಂದು ಬರೆದೆನಲ್ಲ, ನೀವು ಬರದೆ ಹೋದರೆ ಅದು ನನ್ನಲ್ಲೇ ಉಳಿದುಬಿಡುತ್ತದೆ. ನನಗಿಂತ ಮುಂಚೆ ಆ ಪೆಟ್ಟಿಗೆಯನ್ನು ಪರೀಕ್ಷೆಗೆಂದು ಆರು ವಾರ ನೀವೇ ಜೇಬಿನಲ್ಲಿಟ್ಟುಕೊಂಡಿದ್ದಿರಿ. ನಿಮ್ಮ ಕೈಬರಹ ಯಾರಿಗೂ ತಿಳಿಯುವುದಿಲ್ಲವೆಂದು ಆಗ ನೀವು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನು ಶುದ್ಧಪ್ರತಿ ಮಾಡಲು ನನಗೆ ಕೊಟ್ಟಿರಿ. ಒಂದಕ್ಷರ ಬಿಡದೆ ನಕಲು ಮಾಡಿದೆ. ಇನ್ನೂರ ಐವತ್ತೆರಡು ಟಿಪ್ಪಣಿಗಳು. ಮಂಡಿನೋವು ಇತ್ತು. ವಿಭಾಗದ ಮುಖ್ಯಸ್ಥರ ಟೈ ಇತ್ತು. ಬರೆಯದೆ ಉಳಿದ ಅಡಿಟಿಪ್ಪಣಿಗಳಿದ್ದವು. ಕಿಟಕಿಯ ಹೊರಗಿನ ಪಾರಿವಾಳ ಹನ್ನೊಂದು ಸಲ ಇತ್ತು. ನಾನು ಒಂದು ಸಲವೂ ಇರಲಿಲ್ಲ. ನೀವು ಪ್ರಾಮಾಣಿಕರು, ಇದ್ದಿದ್ದರೆ ಬರೆದೇ ಬರೆಯುತ್ತಿದ್ದಿರಿ. ಮರುದಿನ ಪೆಟ್ಟಿಗೆ ನನ್ನ ಜೇಬಿಗೆ ಬಂತು. ಮೊದಲ ಗಂಟೆ ಹೊಡೆದಾಗ ನಿಮ್ಮ ಜೊತೆಯೇ ಮಾತಾಡುತ್ತಿದ್ದೆ. ಪೆನ್ಸಿಲ್ ತೆಗೆದುಕೊಂಡು, 'ಗುಂಡಿ' ಎಂದು ಬರೆದೆ.